ಪಾರ್ಕ್ ಇದೆ, ಆದ್ರೆ ಮಕ್ಕಳು ಆಡೋ ಹಾಗಿಲ್ಲ. ಪಾಲಿಕೆ ಹತ್ರ ಏನಂತ ಕೇಳೋದು?

ಮಳೆಹನಿ
ಬೆಂಗಳೂರಲ್ಲಿದೀವಿ, ಮಗನಿಗೆ 9 ವರ್ಷ. ಎರಡು ಕ್ರಾಸ್ ದಾಟಿದ್ರೆ ಪಾರ್ಕು, ಆದ್ರೆ ಗೇಟಲ್ಲೇ "ಚೆಂಡಾಟ ನಿಷೇಧಿಸಲಾಗಿದೆ" ಅಂತ ಬೋರ್ಡು. ನಿನ್ನೆ ಸಂಜೆ ಇವನೂ ಇನ್ನಿಬ್ರೂ ಟೆನಿಸ್ ಬಾಲ್ ಹಿಡ್ಕೊಂಡು ಹೋದ್ರೆ ವಾಚ್‌ಮನ್ ಸೀಟಿ ಊದಿ ಬಾಲ್ ಕಿತ್ಕೊಂಡು ಕಳ್ಸಿದಾರೆ. ಮನೆಗೆ ಬಂದೋನು ಶೂನೂ ಬಿಚ್ಚದೆ ಸೋಫಾ ಮೇಲೆ ಬೋರಲು ಬಿದ್ಕೊಂಡ, ನಾನೇನ್ ತಪ್ಪು ಮಾಡ್ದೆ ಅಮ್ಮ ಅಂದ, ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ರೋಡಲ್ಲಿ ಬಿಡೋಣ ಅಂದ್ರೆ ಗಾಡಿಗಳು, ಒಳಗಿದ್ರೆ ಮೊಬೈಲು. ಎಲ್ಲಾದ್ರೂ ಜನ ಕೇಳಿ ಇಂಥದ್ದು ಬದಲಾಗಿದ್ದು ಇದ್ಯಾ?

ಪೀಟಿ ಮೇಷ್ಟ್ರು
ಅಮ್ಮಾ, ಓದಿ ಸಂಕಟ ಆಯ್ತು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಸ್ವಲ್ಪ ಜೋರಾಗೋ ಹಾಗೆ ಮೈ ಬಗ್ಗಿಸಿ ಆಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳತ್ತೆ, ನಮ್ ಸ್ಕೂಲಲ್ಲಿ ವಾರಕ್ಕೆ ಎರಡೇ ಪೀಟಿ ಪೀರಿಯಡ್ಡು, ಪರೀಕ್ಷೆ ಬಂದ್ರೆ ಅದೂ ಗಣಿತಕ್ಕೆ ಹೋಗತ್ತೆ. ದುಡ್ಡು ಕೊಟ್ಟು ಕೋಚಿಂಗ್‌ಗೆ ಹಾಕಿದ್ರೆ ಸಾಲ್ದು. ಔಟಾ ನಾಟೌಟಾ ಅಂತ ಕಿತ್ತಾಡಿ, ದೊಡ್ಡೋರು ಯಾರೂ ಬರ್ದೆ ತಾವೇ ರಾಜಿ ಆಗಿ ಮತ್ತೆ ಬ್ಯಾಟ್ ಹಿಡೀತಾರಲ್ಲ, ಮನಸ್ಸು ಗಟ್ಟಿ ಆಗೋದು ಅಲ್ಲಿ. ವಾಕಿಂಗ್ ಬರೋ ಅಜ್ಜ ಅಜ್ಜಿಯರ ಭಯಾನೂ ಸುಳ್ಳಲ್ಲ, ಬಾಲ್ ಬಡಿದು ಬಿದ್ರೆ ಸೊಂಟ ಹೋಗತ್ತೆ. ಅದಕ್ಕೆ ಪೂರ್ತಿ ಪಾರ್ಕ್ ಕೇಳ್ಬೇಡಿ, ಒಂದು ಮೂಲೆ ಕೇಳಿ, ಬಲೆ ಕಟ್ಟಿಸಿ, ಸಂಜೆ 4ರಿಂದ 6:30 ಮಕ್ಕಳಿಗೆ ಅಂತ ಬರೆಸಿ.

ಕಾಲುವೆ ದಡ
ನಾನಿರೋದು ನೆದರ್‌ಲ್ಯಾಂಡ್ಸಲ್ಲಿ. ಈಗ ಇಲ್ಲಿ ಮಕ್ಕಳು ಸೈಕಲ್ ಹತ್ತಿ ತಾವೇ ಸ್ಕೂಲಿಗೆ ಹೋಗೋದು ನೋಡಿ ಇವರು ಮೊದಲಿಂದ ಹಿಂಗೇ ಅನ್ಕೋತಾರೆ, ಅಲ್ಲ. 1971ರ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತದಲ್ಲಿ ಸತ್ತಿದ್ರು. ಮಕ್ಕಳ ಕೊಲೆ ನಿಲ್ಸಿ ಅಂತ ಅಪ್ಪ ಅಮ್ಮಂದಿರೇ ಬೀದಿಗಿಳಿದ್ರು. 1976ರಲ್ಲಿ "ವೋನೆರ್ಫ್" ಅನ್ನೋ ಬೀದಿಗಳಿಗೆ ಕಾನೂನೇ ಬಂತು, ಅಲ್ಲಿ ಕಾರು ತುಂಬಾ ನಿಧಾನವಾಗೇ ಹೋಗ್ಬೇಕು, ಮಕ್ಕಳು ರಸ್ತೆ ಮಧ್ಯಾನೇ ಆಡ್ಬಹುದು. ನೀವೂ ಆ ಎರಡು ಕ್ರಾಸ್‌ಗೆ ಹಂಪ್ ಮತ್ತೆ ಫುಟ್‌ಪಾತ್ ಕೇಳಿ, ಮಗ ಒಬ್ನೇ ಹೋಗಿ ಬರೋ ಹಾಗಾಗ್ಬೇಕು.

ಸಂಜೆಮಲ್ಲಿಗೆ
ಹುಡುಗೀರನ್ನೂ ನೆನಪಿಟ್ಕೊಳ್ಳಿ ದಯವಿಟ್ಟು. ನನ್ನ ಮಗಳಿಗೆ 13, ಗ್ರೌಂಡ್ ತುಂಬಾ ಹುಡುಗರ ಕ್ರಿಕೆಟ್ಟು, ಕತ್ತಲಾದ್ರೆ ಲೈಟಿಲ್ಲ, ಟಾಯ್ಲೆಟ್‌ಗೆ ಬೀಗ. ಆರು ತಿಂಗ್ಳಿಂದ ಹೊರಗೇ ಹೋಗ್ತಿಲ್ಲ, ಮಾತೂ ಕಮ್ಮಿ. ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡ್ದೆ, ಫ್ರೀ ಇದೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದ್ರು. ಆದ್ರೆ ಲೈಟು, ಬೀಗದ ಕೆಲಸ ಪಾಲಿಕೆದೇ.

ಮಳೆಹನಿ
ಎಲ್ಲರಿಗೂ ಥ್ಯಾಂಕ್ಸ್. ಬಲೆ, ಟೈಮಿಂಗು, ಹಂಪು, ಲೈಟು, ಟಾಯ್ಲೆಟ್ ಎಲ್ಲಾ ಸೇರಿಸಿ ಅರ್ಜಿ ಬರೀತಿದೀನಿ, ಭಾನುವಾರ ವಾಕಿಂಗ್ ಬರೋ ಹಿರಿಯರ ಹತ್ರಾನೇ ಮೊದಲು ಸಹಿ ಕೇಳ್ತೀನಿ. ಮೇಷ್ಟ್ರೇ, ಟೆನಿಸ್ ಬಾಲಿಗೆ ಬಲೆ ಎಷ್ಟು ಅಡಿ ಎತ್ತರ ಇದ್ರೆ ಸಾಕು?