ಅಮ್ಮನಿಗೆ ಮಂಡಿ ನೋವು, ಬೆಂಗಳೂರಲ್ಲಿ ಒಂದೇ ದಿನ: ಕಾರು ಮಾಡಲೋ, ಆಟೋ ಸಾಕೋ?

ಹಾವೇರಿ ಹುಡುಗ: ಭಾನುವಾರ ಅಮ್ಮ ಬರುತ್ತಿದ್ದಾರೆ. ಗವಿ ಗಂಗಾಧರೇಶ್ವರ, ದೊಡ್ಡ ಬಸವಣ್ಣ, ಶಿವಾಜಿನಗರದ ಮೇರಿ ಮಾತೆ, ಮೂರೂ ನೋಡಬೇಕಂತೆ. ಹರಕೆ ಇದೆ. ಮೆಟ್ಟಿಲು ಕಷ್ಟ. ಹೋಗಿ ಬಂದವರು ಹೇಳಿ.

ಗುಟ್ಟಹಳ್ಳಿ ಸುಬ್ಬು: ಗವಿಗಾ? ನನ್ನ ಕಥೆ ಕೇಳಿ. ಸಂಕ್ರಾಂತಿ ಸಂಜೆ ಲಿಂಗದ ಮೇಲೆ ಬಿಸಿಲು ಬೀಳೋದನ್ನು ನೋಡಬೇಕು ಅಂತ ಒಂದೂವರೆಗೇ ಸಾಲಲ್ಲಿ ನಿಂತೆ. ಆಟೋದವನು 300 ಕಿತ್ತ, ವಾಪಸ್ಸಿಗೆ 450. ಕೊಡೆ ಮರೆತು ಟೋಪಿಗೆ 150. ನಾಲ್ಕು ತಾಸು ಕಾದೆ. ಐದೂಕಾಲಿಗೆ ಮೋಡ! ಎಲ್ಲರೂ ಶಿವ ಶಿವ ಅಂದರು, ನಾನು ಬೇರೇನೋ ಅಂದೆ.

ಚಾಮರಾಜಪೇಟೆ ಅಕ್ಕ: ಆಟೋ, ಕಾರು ಎಲ್ಲ ಸುಮ್ನೆ ದಂಡ. ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮತ್ತೆಯನ್ನು ಶಿವಾಜಿನಗರಕ್ಕೆ ಬಸ್ಸಲ್ಲೇ ಕರೆದೊಯ್ದೆ. ಆಧಾರ್ ತೋರಿಸಿದೆವು, ಇಬ್ಬರಿಗೂ ಸೊನ್ನೆ ಟಿಕೆಟ್. ಮೇಣದಬತ್ತಿ 40, ಹೂಮಾಲೆ 60, ಎಳನೀರು ಎರಡಕ್ಕೆ 100. ಒಟ್ಟು 200. ಅಲ್ಲಿಂದ ಇನ್ನೊಂದು ಗುಡಿಗೆ ಹೋದೆವು, ಹೆಸರು ಬೇಡ. ಕಾಯಲು 10 ರೂಪಾಯಿ ಕೊಟ್ಟಿದ್ದರೂ ಅತ್ತೆಯ 899ರ ಚಪ್ಪಲಿ ಮಾಯ. ಮನೆಗೆ ಬರಿಗಾಲಲ್ಲಿ ಬಂದರು. ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ.

ವಿಜಯನಗರ ರಾಜಣ್ಣ: ಮಂಡಿ ನೋವಿನವರನ್ನು ಬಸ್ಸಿಗೆ ಹತ್ತಿಸ್ತೀರಾ? ಪುಕ್ಕಟೆ ಅಂದ್ರೆ ಅಷ್ಟೇ. ನಾನು ಅಪ್ಪನಿಗೆ 8 ಗಂಟೆ, 80 ಕಿಲೋಮೀಟರಿನ ಕಾರು ಮಾಡಿದ್ದೆ, 2,400. ಕೋಟೆ ವೆಂಕಟರಮಣನ ಗುಡಿಗೆ ತಲುಪುವಾಗ ಮಧ್ಯಾಹ್ನ, ಬಾಗಿಲು ಹಾಕಿತ್ತು. ಪಕ್ಕದ ಟಿಪ್ಪು ಅರಮನೆ ನೆರಳಲ್ಲಿ ಸಂಜೆವರೆಗೆ ಕೂತೆವು. ಹೆಚ್ಚುವರಿ ಸಮಯಕ್ಕೆ 600, ಡ್ರೈವರ್ ಊಟಕ್ಕೆ 150. ಆದರೂ ಅಪ್ಪ ಒಂದು ಹೆಜ್ಜೆ ಜಾಸ್ತಿ ನಡೆಯಲಿಲ್ಲ.

ಚಾಮರಾಜಪೇಟೆ ಅಕ್ಕ: ಪುಕ್ಕಟೆ ಅಂದ್ರೇನ್ರೀ? ನಾವೂ ತೆರಿಗೆ ಕಟ್ಟುತ್ತೇವೆ. 3,150 ಕೊಟ್ಟು ಮುಚ್ಚಿದ ಬಾಗಿಲು ನೋಡಿ ಬಂದವರು ಯಾರು?

ಪೇಟೆ ಹಳಬ: ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾ ಯಾರಿಗೂ ನೆನಪಿಲ್ಲವಲ್ಲ! ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಅಲ್ಲಿಗೂ ಹೋಗುತ್ತದೆ. ನಾನು 11 ವರ್ಷ ನಿದ್ದೆ ಬಿಟ್ಟು ನೋಡಿದ್ದೇನೆ. ಒಂದು ಸಲ ನೂಕುನುಗ್ಗಲಲ್ಲಿ ಕನ್ನಡಕ ಒಡೆದು 1,800 ಹೋಯಿತು.

ವಿಜಯನಗರ ರಾಜಣ್ಣ: ಅವರು ಕೇಳಿದ್ದು ಭಾನುವಾರದ ಹಗಲು. ಕರಗ ಯಾಕೆ ಬಂತು?

ಪೇಟೆ ಹಳಬ: ನಿಮ್ಮ ಕಾರು ಯಾಕೆ ಬಂತೋ ಹಾಗೇ.

ಗುಟ್ಟಹಳ್ಳಿ ಸುಬ್ಬು: ಬಸವಣ್ಣನ ಗುಡಿಗೆ ಕಡಲೆಕಾಯಿ ಪರಿಷೆ ಹೊತ್ತಿಗೇ ಹೋಗಿ. ಕಾರ್ತಿಕದ ಕೊನೆ ಸೋಮವಾರ.

ಚಾಮರಾಜಪೇಟೆ ಅಕ್ಕ: ಮಂಡಿ ನೋವಿನವರನ್ನು ಪರಿಷೆಗಾ? ಉಸಿರಾಡಲೂ ಜಾಗ ಇರಲ್ಲ. ಹೋದ ಸಲ ಸೇರಿಗೆ 80 ಹೇಳಿದ, ಅರ್ಧ ಜೊಳ್ಳು.

ಗುಟ್ಟಹಳ್ಳಿ ಸುಬ್ಬು: ನನಗೆ 50ಕ್ಕೇ ಸಿಕ್ಕಿತು. ಚೌಕಾಸಿ ಬರಬೇಕು.

ಹಾವೇರಿ ಹುಡುಗ: ಸರ್, ಗವಿಯೊಳಗೆ ಅಮ್ಮ ಹೋಗಬಹುದಾ? ಅದೊಂದು ಹೇಳಿ ಸಾಕು.

ಗುಟ್ಟಹಳ್ಳಿ ಸುಬ್ಬು: ಇಳಿಯುವ ಮೆಟ್ಟಿಲು ಜಾಸ್ತಿ ಇಲ್ಲ. ಪ್ರದಕ್ಷಿಣೆಗೆ ಮಾತ್ರ ಬಗ್ಗಿಕೊಂಡೇ ಹೋಗಬೇಕು, ಅದು ಬಿಡಿಸಿ. ಎದುರಿಂದಲೇ ಕೈ ಮುಗಿಯಲಿ. ಬಸವಣ್ಣನಿಗೆ ಮೆಟ್ಟಿಲು ಹತ್ತಬೇಕು, ನಿಧಾನ. ಬೆಳಗ್ಗೆ ಏಳಕ್ಕೇ ಹೊರಡಿ.

ಚಾಮರಾಜಪೇಟೆ ಅಕ್ಕ: ಚಪ್ಪಲಿ ಆಟೋದಲ್ಲೇ ಬಿಟ್ಟು ಇಳಿಯಿರಿ.

ವಿಜಯನಗರ ರಾಜಣ್ಣ: ಆಟೋನೇ ಹೊರಟುಹೋದರೆ?