ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ) ಪೇಶೆಂಟ್ ಬಂದಾಗ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ: ಉಡುಪಿ ಹತ್ತಿರದ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಕ್ಯಾಶುವಾಲ್ಟಿಗೆ ಬಂದು ಮೂರು ತಿಂಗಳು. ಮೊನ್ನೆ ರಾತ್ರಿ ಗದ್ದೆ ಕೆಲಸದವರೊಬ್ಬರು ಬಂದರು. ನಾಲ್ಕು ದಿನದ ಜ್ವರ, ಶುಗರ್ ಇದೆ. ಬಿಪಿ 78/40, ಪಲ್ಸ್ 128, ಉಸಿರು 30, ಆಕ್ಸಿಜನ್ 89, ತೂಕ 60 ಕಿಲೋ. ಮಾತು ಅಡ್ಡಾದಿಡ್ಡಿ. ನಾನು ಮೂತ್ರದ ಕ್ಯಾಥೆಟರ್ ಹಾಕಿ, ಬಟ್ಟೆ ಬದಲಿಸಿ, ಫೈಲ್ ಬರೆದು ಆಂಟಿಬಯೋಟಿಕ್ ಕೊಡುವಾಗ ಒಂದೂವರೆ ಗಂಟೆ ಆಗಿತ್ತು. ಈಗ ಅವರು ಐಸಿಯುನಲ್ಲಿದ್ದಾರೆ. ಮನಸ್ಸಿಗೆ ಸಮಾಧಾನವೇ ಇಲ್ಲ. ಯಾವುದು ಮೊದಲು ಮಾಡಬೇಕಿತ್ತು ಸಿಸ್ಟರ್?

ಉತ್ತರ (ಐಸಿಯು ನರ್ಸ್, ಮಂಗಳೂರು): ಮೊದಲು ಆಕ್ಸಿಜನ್ ಮಾಸ್ಕ್, ಮಾನಿಟರ್. ಮಾತು ತಪ್ಪಿದವರಿಗೆ ಗ್ಲುಕೋಮೀಟರ್ ಹಿಡಿಯಲೇಬೇಕು, ಅರ್ಧ ನಿಮಿಷದ ಕೆಲಸ. ಕೂಡಲೇ ಎರಡು ದಪ್ಪ ಕ್ಯಾನುಲಾ (ನರಕ್ಕೆ ಹಾಕುವ ಡ್ರಿಪ್ ಸೂಜಿ), 18 ಗೇಜ್ ಸಿಕ್ಕಿದರೆ ಒಳ್ಳೆಯದು. ಅದೇ ಹೊತ್ತಿಗೆ ಲ್ಯಾಕ್ಟೇಟ್‌ಗೆ (ರಕ್ತ ಸಾಲದೆ ಅಂಗಾಂಗ ಬಳಲಿದಾಗ ಏರುವ ಆಮ್ಲ) ರಕ್ತ, ಬೇರೆ ಬೇರೆ ಜಾಗದಿಂದ ಎರಡು ಸೆಟ್ ಕಲ್ಚರ್ (ಯಾವ ರೋಗಾಣು ಎಂದು ಬೆಳೆಸಿ ನೋಡುವ ರಕ್ತ ಪರೀಕ್ಷೆ). ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಸ್ಪಿರಿಟ್ ಒರೆಸಿ, ಒಣಗಿದ ಮೇಲೆ ಸೂಜಿ ಚುಚ್ಚಿ. ಕಲ್ಚರ್ ಮೊದಲು, ಆಂಟಿಬಯೋಟಿಕ್ ಆಮೇಲೆ, ಸರಿ. ಆದರೆ ಕಲ್ಚರ್‌ಗೆ ನರ ಸಿಗುತ್ತಿಲ್ಲ ಎಂದು ಮದ್ದು ತಡ ಮಾಡಬೇಡಿ. ಇಂಥ ಶಾಕ್‌ನಲ್ಲಿ (ಬಿಪಿ ಕುಸಿದ ಸ್ಥಿತಿಯಲ್ಲಿ) ಮೊದಲ ಡೋಸ್ ಒಂದು ಗಂಟೆಯೊಳಗೆ ಹೋಗಬೇಕು.

ಫ್ಲೂಯಿಡ್ ಲೆಕ್ಕ ಕಿಲೋಗೆ 30 ಎಂ.ಎಲ್., ಅಂದರೆ ಇವರಿಗೆ 1800, ಮೊದಲ ಮೂರು ಗಂಟೆಯಲ್ಲಿ. ಸುಮ್ನೆ ಬಿಟ್ಟು ಹೋಗಬಾರದು, ಪ್ರತಿ 500ಕ್ಕೆ ಎದೆಗೆ ಸ್ಟೆತ್ ಇಟ್ಟು ಕೇಳಿ. ಅವರ ಮ್ಯಾಪ್ (ಸರಾಸರಿ ಬಿಪಿ) 53 ಇತ್ತು, 65 ಆಗಬೇಕು. ಏರದಿದ್ದರೆ ಸೆಂಟ್ರಲ್ ಲೈನ್‌ಗೆ (ಕುತ್ತಿಗೆಯಂಥ ಕಡೆ ದೊಡ್ಡ ನರಕ್ಕೆ ಹಾಕುವ ನಳಿಕೆ) ಕಾಯದೆ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರು ಮಾಡಬಹುದಾ ಎಂದು ಡಾಕ್ಟರನ್ನು ನೀವೇ ಕೇಳಿ. ಮೊಣಕೈ ಹತ್ತಿರದ ಒಳ್ಳೆ ನರದಲ್ಲಿ ಸ್ವಲ್ಪ ಹೊತ್ತು ಕೊಡಬಹುದು, ಚರ್ಮ ಬಿಳಿಚಿದೆಯಾ, ಊದಿದೆಯಾ ಎಂದು ನೋಡುತ್ತಲೇ ಇರಬೇಕು. ಬೆರಳ ತುದಿ ಒತ್ತಿ ಬಿಡಿ, ಮೂರು ಸೆಕೆಂಡಾದರೂ ಕೆಂಪು ಮರಳದಿದ್ದರೆ ರಕ್ತ ಇನ್ನೂ ಕೈಕಾಲಿಗೆ ಮುಟ್ಟಿಲ್ಲ.

ಕ್ಯಾಥೆಟರ್ ಬೇಕು, ಗಂಟೆಗೆ 30 ಎಂ.ಎಲ್. ಮೂತ್ರ ನೋಡಬೇಕಲ್ವಾ, ಆದರೆ ಇಷ್ಟೆಲ್ಲ ಆದ ಮೇಲೆ.

ಇನ್ನೊಂದು, ನಮ್ಮ ಕರಾವಳಿಯವರು ಮರೆಯಬಾರದ್ದು. ಮಳೆಗಾಲ, ಗದ್ದೆ ಕೆಸರು ಎಂದರೆ ಇಲಿಜ್ವರ ನೆನಪಾಗುತ್ತದೆ. ಜೊತೆಗೆ ಶುಗರ್ ಇದ್ದರೆ ಮೆಲಿಯೊಯ್ಡೋಸಿಸ್ (ಮಣ್ಣು, ನೀರಿನ ಬ್ಯಾಕ್ಟೀರಿಯಾದ ಸೋಂಕು) ಕೂಡ ಇರಬಹುದು, ಅದಕ್ಕೆ ಮಾಮೂಲಿ ಆಂಟಿಬಯೋಟಿಕ್ ಸೆಫ್ಟ್ರಿಯಾಕ್ಸೋನ್ ಸಾಲದು. ಗದ್ದೆ ಕೆಲಸ ಎಂದು ಡಾಕ್ಟರಿಗೆ ಹೇಳಿ, ಕಲ್ಚರ್ ಫಾರಂನಲ್ಲೂ ಬರೆಯಿರಿ.

ಪ್ರಶ್ನೆ: ರಾತ್ರಿ ನಾವು ಇಬ್ಬರೇ. ಮದ್ದಿಗೆ ಮನೆಯವರು ಫಾರ್ಮಸಿಗೆ ಹೋಗಿ ಬರಬೇಕು.

ಉತ್ತರ: ಅಲ್ಲೇ ಜಾಸ್ತಿ ಹೊತ್ತು ಹೋಗುವುದು. ಮೊದಲ ಡೋಸ್ ವಾರ್ಡ್ ಸ್ಟಾಕ್‌ನಲ್ಲೇ ಇಡಲು ಇನ್‌ಚಾರ್ಜ್ ಹತ್ತಿರ ನಾಳೆಯೇ ಕೇಳಿ. ಒಬ್ಬರು ಹಾಸಿಗೆ ಬಿಟ್ಟು ಕದಲಬಾರದು, ಇನ್ನೊಬ್ಬರು ಮದ್ದು ಕಲಸಿ, ಫೋನ್ ನೋಡಿಕೊಳ್ಳಲಿ. ಫೈಲ್ ಆಮೇಲೆ. ಸದ್ಯಕ್ಕೆ ಸಮಯ ಮಾತ್ರ ಗ್ಲೌಸ್ ಪೆಟ್ಟಿಗೆಯ ಮೇಲಾದರೂ ಗೀಚಿಕೊಳ್ಳಿ. ಆಂಟಿಬಯೋಟಿಕ್ ಎಷ್ಟು ಗಂಟೆಗೆ ಹೋಯಿತು ಎಂದು ಐಸಿಯುಗೆ ಸರಿಯಾಗಿ ಹೇಳಿದ್ದೀರಾ? ಇಲ್ಲದಿದ್ದರೆ ಈಗಲೇ ಹೇಳಿ, ಮುಂದಿನ ಡೋಸ್ ಅದರ ಮೇಲೆಯೇ ನಿಂತಿದೆ.