ಆಲೆಮನೆಯ ಕತ್ತಲಿಗೆ ಯಾವ ಲೆನ್ಸ್? ನಿಮ್ಮ ಮೆಚ್ಚಿನದು ಯಾವುದು, ಏಕೆ?

ಮಂಡ್ಯದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನಿಕಾನ್ ಡಿ5600 ಕ್ಯಾಮೆರಾವನ್ನೂ ಅದರ ಜೊತೆಯಲ್ಲೇ ಬಂದ 18–55 ಮಿ.ಮೀ. ಜೂಮ್ ಲೆನ್ಸನ್ನೂ ಬಳಸುತ್ತಿದ್ದೇನೆ. ಶಾಲೆಗೆ ರಜೆಯಿದ್ದ ದಿನ ಸುತ್ತಮುತ್ತಲಿನ ಆಲೆಮನೆಗಳಿಗೆ ಹೋಗಿ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಅಲ್ಲಿ ಬೆಳಕೆಂದರೆ ಕೊಪ್ಪರಿಗೆಯ ಅಡಿಯ ಉರಿ ಮತ್ತು ಬಾಗಿಲಿನಿಂದ ಒಳಬರುವಷ್ಟು ಮಾತ್ರ. ಪಾಕ ತಿರುವುವವರ ಮುಖಕ್ಕಾಗಿ ಲೆನ್ಸನ್ನು 55ರವರೆಗೆ ತಿರುಗಿಸಿದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಷಟರ್ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ನನ್ನ ಕೈ ಅಲುಗದಿದ್ದರೂ ಅವರ ಕೈ ಅಲುಗಿಬಿಡುತ್ತದೆ; ಐಎಸ್‌ಒ (ಬೆಳಕನ್ನು ಗ್ರಹಿಸುವ ಶಕ್ತಿ) ಏರಿಸಿದರೆ ಚಿತ್ರದ ಮೇಲೆಲ್ಲ ರವೆ ಚೆಲ್ಲಿದಂತೆ ಕಾಣುತ್ತದೆ. ಒಂದೇ ಒಂದು ಲೆನ್ಸ್ ಕೊಳ್ಳುವಷ್ಟು ಹಣ ಕೂಡಿಸಿದ್ದೇನೆ. ಅಂಗಡಿಯವರು ಒಪ್ಪಿಸುವ ಗುಣಗಳ ಪಟ್ಟಿ ನನಗೆ ಬೇಡ. ಕ್ಯಾಮೆರಾದಿಂದ ಬಿಚ್ಚಲು ಮನಸ್ಸಾಗದಷ್ಟು ನೀವು ಹಚ್ಚಿಕೊಂಡಿರುವ ಲೆನ್ಸ್ ಯಾವುದು, ಏಕೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಹೂವಿನ ಸಾಲು, ಮೈಸೂರು:

ಮೇಷ್ಟ್ರೇ, ನನ್ನದು ನಿಕಾನ್‌ನ 35 ಮಿ.ಮೀ. ಎಫ್/1.8 ಜಿ ಡಿಎಕ್ಸ್. 2009ರಲ್ಲಿ ಬಂದದ್ದು, ತೂಕ ಸುಮಾರು 200 ಗ್ರಾಂ, ನೋಡಲು ಏನೂ ವಿಶೇಷವಿಲ್ಲ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8ರಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಬರುತ್ತದೆಯಾದ್ದರಿಂದ, ನಿಮ್ಮ ಹತ್ತನೇ ಒಂದು ಸೆಕೆಂಡು ಹೆಚ್ಚುಕಡಿಮೆ ನೂರನೇ ಒಂದಾಗುತ್ತದೆ. ಪಾಕ ತಿರುವುವ ಕೈಯನ್ನು ಹಿಡಿಯಲು ಬಹುಮಟ್ಟಿಗೆ ಅಷ್ಟು ಸಾಕು.

ಆದರೆ ನಾನು ಇದನ್ನು ಮೆಚ್ಚುವುದು ಬೆಳಕಿಗಿಂತ ಹೆಚ್ಚಾಗಿ ಅಳತೆಗೆ. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವವರು ಎರಡೂ ಕೈ ಚಾಚಿ ಸೇವಂತಿಗೆಯ ಮಾರು ಅಳೆಯುವುದನ್ನು ನೋಡಿದ್ದೀರಲ್ಲ, ಆ ಚಾಚಿದ ಕೈಗಳೆರಡೂ ನಮ್ಮಂಥವರ ಡಿಎಕ್ಸ್ (ಚಿಕ್ಕ ಸೆನ್ಸರಿನ) ಕ್ಯಾಮೆರಾದ ಚೌಕಟ್ಟಿನೊಳಗೆ ಬರಬೇಕಾದರೆ 35 ಮಿ.ಮೀ. ಹಾಕಿಕೊಂಡು ಸರಿಯಾಗಿ ಒಂದೂವರೆ ಮಾರು ದೂರ ನಿಲ್ಲಬೇಕು. 50 ಮಿ.ಮೀ. ಹಾಕಿದರೆ ಎರಡು ಮಾರು ಹಿಂದೆ ಸರಿಯಬೇಕಾಗುತ್ತದೆ, ಆ ಓಣಿಯಲ್ಲಿ ಬೆನ್ನು ಎದುರಂಗಡಿಯ ಬುಟ್ಟಿಗೆ ತಾಗುತ್ತದೆ. ಒಂದೂವರೆ ಮಾರು ಎಂದರೆ ದನಿಯೆತ್ತದೆ ಮಾತನಾಡಬಹುದಾದ ದೂರ. ಅಷ್ಟು ಹತ್ತಿರದಲ್ಲಿ ಕದ್ದು ಚಿತ್ರ ತೆಗೆಯಲು ಬರುವುದಿಲ್ಲ. ಕೇಳಿಯೇ ತೆಗೆಯಬೇಕು, ಕೆಲವೊಮ್ಮೆ ಒಂದು ಮೊಳ ಮಲ್ಲಿಗೆಯನ್ನೂ ಕೊಳ್ಳಬೇಕು. ನನ್ನ ಚಿತ್ರಗಳಲ್ಲಿ ಮುಖಗಳು ಸಡಿಲವಾಗಿ ಕಾಣುವುದಕ್ಕೆ ಕಾರಣ ಅದೇ ಎಂದು ನಂಬಿದ್ದೇನೆ.

ದೋಷವನ್ನೂ ಹೇಳಿಬಿಡುತ್ತೇನೆ. ಪೂರ್ತಿ ತೆರೆದಾಗ, ಕಡುಬೆಳಕಿನ ಅಂಚಿನಲ್ಲಿ ನೇರಳೆ ಬಣ್ಣದ ಗೆರೆ ಮೂಡುತ್ತದೆ. ನಿಮ್ಮ ಒಲೆಯ ಬಾಯಿಯ ಸುತ್ತ ಅದು ಖಂಡಿತ ಕಾಣಿಸೀತು, ಅಪರ್ಚರನ್ನು ಎಫ್/2.8ಕ್ಕೆ ಕಿರಿದಾಗಿಸಿದರೆ ಬಹಳ ಮಟ್ಟಿಗೆ ತಗ್ಗುತ್ತದೆ.

ಹೊಳೆದಂಡೆ, ಶ್ರೀರಂಗಪಟ್ಟಣ:

ಆಲೆಮನೆಗೆ ನನ್ನ ಉತ್ತರದಿಂದ ಪ್ರಯೋಜನವಿಲ್ಲ, ಆದರೆ ಮೆಚ್ಚಿನದು ಯಾವುದೆಂದು ಕೇಳಿದ್ದೀರಾದ್ದರಿಂದ ಬರೆಯುತ್ತಿದ್ದೇನೆ. ನನ್ನದು ನಿಕಾನ್ 200–500 ಎಫ್/5.6, ತೂಕ 2.3 ಕೆ.ಜಿ. ರಂಗನತಿಟ್ಟಿನ ದೋಣಿಯಲ್ಲಿ ಮುಕ್ಕಾಲಿ ಊರಲು ಜಾಗವಿಲ್ಲ, ಊರಿದರೂ ದೋಣಿಯೇ ತೂಗುತ್ತದೆ; ಹಾಗಾಗಿ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಲೇಬೇಕು. ನೀರಿಗೆ ಎರಗುವ ನದಿ ರೀವ ಹಕ್ಕಿಯನ್ನು 500ರಲ್ಲಿ, ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಲ್ಲಿ ಹಿಡಿದಾಗ ಭುಜದ ನೋವು ಮರೆತುಹೋಗುತ್ತದೆ. ಆದರೆ 1940ರಲ್ಲಿ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾದ ಈ ತಿಟ್ಟುಗಳ ಹಕ್ಕಿಗಳು ದೋಣಿಗೆ ಎಷ್ಟು ಒಗ್ಗಿವೆಯೆಂದರೆ, ಬಣ್ಣದ ಕೊಕ್ಕರೆಯ ಗೂಡಿನ ಪಕ್ಕ ಅಂಬಿಗರು ಹುಟ್ಟು ನಿಲ್ಲಿಸಿದಾಗ 500ರಲ್ಲಿ ಬರೀ ಕೊಕ್ಕು ಸಿಗುತ್ತದೆ. ಆಗ ನನಗೆ ಒದಗುವುದು ಇದೇ ಲೆನ್ಸಿನ 200ರ ತುದಿ. ಕೊಕ್ಕರೆ ಬೆಳ್ಳೂರಿಗಂತೂ ಇದನ್ನು ಒಯ್ಯುವುದೇ ಇಲ್ಲ; ಅಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳ ಮೇಲೇ ಗೂಡು ಕಟ್ಟುವುದರಿಂದ ಹಗುರವಾದ 70–300 ಬೇಕಾದಷ್ಟಾಯಿತು.

ಹಳೇ ಸ್ಟುಡಿಯೋ, ಮೈಸೂರು:

ಮೇಷ್ಟ್ರೇ, ಹೂವಿನ ಸಾಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ನನ್ನ ಪ್ರೀತಿ 50 ಮಿ.ಮೀ. ಎಫ್/1.8ರ ಮೇಲೆ. ರೀಲಿನ ಕಾಲದಲ್ಲಿ ಇಪ್ಪತ್ತು ವರ್ಷ ಮದುವೆ ಛತ್ರಗಳಲ್ಲಿ ದುಡಿದದ್ದು ಅದೊಂದರಿಂದಲೇ. ರೀಲಿಗೆ 36 ಚಿತ್ರ, ಧಾರೆಯ ಗಳಿಗೆ ಮತ್ತೆ ಬರುವುದಿಲ್ಲ; ಜೂಮ್ ಇಲ್ಲದ್ದರಿಂದ ಎಲ್ಲಿ ನಿಂತರೆ ಏನು ಬರುತ್ತದೆ ಎಂಬುದನ್ನು ಕಾಲುಗಳೇ ಕಲಿತುಬಿಟ್ಟಿದ್ದವು, ಕಣ್ಣಿಗೆ ಕ್ಯಾಮೆರಾ ಏರಿಸುವ ಮೊದಲೇ ಚಿತ್ರ ಮನಸ್ಸಿನಲ್ಲಿ ಸಿದ್ಧವಿರುತ್ತಿತ್ತು.

ಹಳೆಯ ಲೆನ್ಸ್ ಕೊಳ್ಳುವ ಯೋಚನೆಯಿದ್ದರೆ ಎರಡು ಮಾತು. ನಿಮ್ಮ ಡಿ5600ರ ಒಳಗೆ ಫೋಕಸ್ ಮೋಟಾರು ಇಲ್ಲ. 50 ಎಫ್/1.8 ಡಿ ಎಂಬುದು ಅಗ್ಗವಾಗಿ ಸಿಕ್ಕಿತೆಂದು ತಂದರೆ ಅದು ಕ್ಯಾಮೆರಾಕ್ಕೆ ಸರಿಯಾಗಿ ಕೂರುತ್ತದೆ, ಆದರೆ ಫೋಕಸ್ಸನ್ನು ಪ್ರತಿ ಸಲವೂ ಕೈಯಿಂದಲೇ ತಿರುಗಿಸಬೇಕು. ಆದ್ದರಿಂದ ಲೆನ್ಸಿನೊಳಗೇ ಮೋಟಾರು ಇರುವ, ಎಎಫ್-ಎಸ್ ಎಂದು ಬರೆದಿರುವ ಜಿ ಮಾದರಿಯನ್ನೇ ಕೇಳಿ. ಎರಡನೆಯದು ಬೂಷ್ಟು. ಅಪರ್ಚರನ್ನು ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಎಷ್ಟು ಅಗ್ಗವಾದರೂ ಬೇಡ. ನಾನು ನನ್ನ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಒಂದು ಮಳೆಗಾಲವಿಡೀ ಬೀರುವಿನಲ್ಲಿ ಮರೆತೆ, ಹಬ್ಬಕ್ಕೆ ತೆಗೆದಾಗ ಒಳಗೆಲ್ಲ ಬಲೆ ಕಟ್ಟಿತ್ತು. ಆಲೆಮನೆಯ ಹಬೆಯಲ್ಲಿ ಓಡಾಡುವ ನಿಮಗೆ ಗಾಳಿಯಾಡದ ಡಬ್ಬಿಯೂ ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣಗಳೂ ಲೆನ್ಸಿನಷ್ಟೇ ಅಗತ್ಯ.

ಭುವನೇಶ್ವರಿ, ತಿ. ನರಸೀಪುರ:

ನಿಮ್ಮ 18–55 ಮೇಲೇಕೆ ಇಷ್ಟು ಮುನಿಸು? ಸೋಮನಾಥಪುರದ ಕೇಶವ ದೇವಾಲಯದಲ್ಲಿ ಅನುಮತಿಯಿಲ್ಲದೆ ಮುಕ್ಕಾಲಿ ಒಯ್ಯುವಂತಿಲ್ಲ, 1258ರ ಆ ನವರಂಗ ಮಂಟಪದೊಳಗೆ ಬೆಳಕೂ ಇಲ್ಲ. ನಾನು ಕ್ಯಾಮೆರಾವನ್ನು ಟವೆಲ್ ಮೇಲೆ ಅಂಗಾತ ಮಲಗಿಸಿ, 18ಕ್ಕೆ ಇಟ್ಟು, ಕಂಪನ ತಡೆಯುವ ವಿಆರ್ ಸೌಲಭ್ಯವನ್ನು ಆರಿಸಿ, ಹತ್ತು ಸೆಕೆಂಡಿನ ಟೈಮರ್ ಒತ್ತಿ ಪಕ್ಕಕ್ಕೆ ಸರಿಯುತ್ತೇನೆ; ಎಫ್/8ರಲ್ಲಿ ಎರಡು ಸೆಕೆಂಡು ತೆರೆದರೂ ಬಾಳೆಹೂವಿನ ಮೊಗ್ಗಿನ ಭುವನೇಶ್ವರಿ (ಒಳಛಾವಣಿಯ ಕೆತ್ತನೆ) ಎಸಳೆಸಳಾಗಿ ಬರುತ್ತದೆ. ಕಲ್ಲು ಅಲುಗುವುದಿಲ್ಲ, ನಿಮ್ಮ ಬೆಲ್ಲದವರು ಅಲುಗುತ್ತಾರೆ ಎಂಬುದು ನಿಜ. ಆದರೂ ಕೊಳ್ಳುವ ಮೊದಲು ಹಳೆಯ ಚಿತ್ರಗಳ ವಿವರ ತೆರೆದು, ಯಾವ ಅಳತೆಯಲ್ಲಿ ಹೆಚ್ಚು ತೆಗೆದಿದ್ದೀರಿ ಎಂದು ಎಣಿಸಿ ನೋಡಿ.

ಮಂಡ್ಯದ ಮೇಷ್ಟ್ರು:

ಎಲ್ಲರಿಗೂ ಕೃತಜ್ಞತೆಗಳು. ಎಣಿಸಿದೆ. ಮುಖಗಳಿಗೆಂದು 55ರಲ್ಲಿ ತೆಗೆದವು ಬಹಳಷ್ಟಿವೆ, ಆದರೆ ನಾನು ಅಳಿಸದೆ ಉಳಿಸಿಕೊಂಡವುಗಳಲ್ಲಿ ಮುಕ್ಕಾಲು ಪಾಲು 28ರಿಂದ 38ರ ನಡುವಿನವು: ಕೊಪ್ಪರಿಗೆ, ಹಬೆ, ಮನುಷ್ಯ ಮೂರೂ ಇರುವಂಥವು. ನಿನ್ನೆ ಲೆನ್ಸಿನ ಉಂಗುರವನ್ನು 35ಕ್ಕೆ ತಿರುಗಿಸಿ, ಅಲುಗದಂತೆ ಟೇಪು ಸುತ್ತಿ ಹೋಗಿದ್ದೆ. ಮೊದಲ ಅರ್ಧ ಗಂಟೆ ಕೈ ಕಟ್ಟಿದಂತಾಯಿತು, ಆಮೇಲೆ ಕೊಪ್ಪರಿಗೆಯ ಹತ್ತಿರ ಹೋಗದೆ ವಿಧಿಯಿರಲಿಲ್ಲ. ಹೋದದ್ದಕ್ಕೆ ಅವರೇ ಬಿಸಿ ಬೆಲ್ಲದ ಚೂರೊಂದನ್ನು ಕೈಗಿಟ್ಟು, ಎಲ್ಲಿ ನಿಂತರೆ ಹಬೆ ಮುಖಕ್ಕೆ ಬಡಿಯುವುದಿಲ್ಲ ಎಂದು ತೋರಿಸಿಕೊಟ್ಟರು. ಆದ್ದರಿಂದ 35ನ್ನೇ ಕೊಳ್ಳುತ್ತೇನೆ. ಹಳೇ ಸ್ಟುಡಿಯೋ ಹಿರಿಯರು ಬರುವ ಭಾನುವಾರ ಬಿಡುವಾಗಿದ್ದರೆ ಮೈಸೂರಿಗೆ ಬರುತ್ತೇನೆ, ಒಂದು ಹಳೆಯ ಲೆನ್ಸ್ ನೋಡಿಕೊಡಬೇಕು. ಟಾರ್ಚ್ ನಾನೇ ತರುತ್ತೇನೆ.